ನೊಂದವರು ಮತ್ತು ಕಚೇರಿಯ ಮೆಟ್ಟಿಲು

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹೊತ್ತಿ ತೊಂಬತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಮಕ್ಕಳೇ ಹೆಚ್ಚು. ಆ ಮನೆಗಳವರ ದುಃಖವನ್ನು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ಮಾಡಿದರು. ದುರಂತದ ನಂತರದ ಮಾನಸಿಕ ಆರೋಗ್ಯವನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಆಮೇಲೆ 1984ರ ಭೋಪಾಲ್ ಅನಿಲ ಸೋರಿಕೆ, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಹೀಗೆ ಒಂದೊಂದು ದುರಂತವೂ ಆ ತಿಳಿವಳಿಕೆಯನ್ನು ಬೆಳೆಸಿತು. ನೊಂದವರೆಲ್ಲರಿಗೂ ಮನೋವೈದ್ಯರೇ ಬೇಕಿಲ್ಲ, ತರಬೇತಿ ಪಡೆದ ಊರಿನವರೇ ಬಹಳಷ್ಟು ಕೆಲಸ ಮಾಡಬಲ್ಲರು ಎಂಬುದು ಸ್ಪಷ್ಟವಾಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಮನೋಸಾಮಾಜಿಕ ಬೆಂಬಲಕ್ಕಾಗಿಯೇ ಮಾರ್ಗಸೂಚಿ ಹೊರಡಿಸಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಚಿಕಿತ್ಸೆಯ ಕಡೆಯಿಂದ ನೋಡಿದರೆ ನಾವು ಬರಿಗೈಯವರಲ್ಲ. ಕೊರತೆ ಇರುವುದು ಬೇರೆ ಕಡೆ. ಆಘಾತಕ್ಕೆ ಸ್ಪಂದಿಸುವ ನೀತಿಯೆಂದರೆ ಆಪ್ತಸಮಾಲೋಚಕರ ಸಂಖ್ಯೆ ಹೆಚ್ಚಿಸುವುದು ಎಂದಷ್ಟೇ ನಾವು ತಿಳಿದಿದ್ದೇವೆ. ನೊಂದವರು ಹೆಚ್ಚು ಸಲ ಎಡತಾಕುವುದು ತಾಲ್ಲೂಕು ಕಚೇರಿಗೆ, ಪೊಲೀಸ್ ಠಾಣೆಗೆ, ಬ್ಯಾಂಕಿಗೆ. ಅಲ್ಲಿಯ ಕಾರ್ಯವಿಧಾನ ಬದಲಾಗದೆ ಸಮುದಾಯದ ಆರೋಗ್ಯ ಸುಧಾರಿಸದು ಎಂಬುದು ಈ ಉಪನ್ಯಾಸದ ವಾದ.

ದೊಡ್ಡ ಆಘಾತಕ್ಕೆ ಸಿಕ್ಕವರಿಗೆ ಘಟನೆಗಳ ಅನುಕ್ರಮ ಕಲಸಿಹೋಗುತ್ತದೆ, ದಿನಾಂಕ ನೆನಪಾಗುವುದಿಲ್ಲ, ನಿದ್ದೆ ಕೆಡುತ್ತದೆ, ಸಣ್ಣ ನಿರ್ಧಾರವೂ ಭಾರವಾಗುತ್ತದೆ. ನಡೆದದ್ದನ್ನು ನೆನಪಿಸುವ ಜಾಗ ಮತ್ತು ಮಾತುಗಳಿಂದ ಮನಸ್ಸು ತಪ್ಪಿಸಿಕೊಳ್ಳಲು ನೋಡುತ್ತದೆ. ನಮ್ಮ ಪರಿಹಾರದ ವ್ಯವಸ್ಥೆ ಕೇಳುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ದಿನಾಂಕವಾರು ವಿವರ ಬೇಕು, ವಂಶವೃಕ್ಷ ಬೇಕು, ಅದೇ ಕಥೆಯನ್ನು ಮಹಜರಿನಲ್ಲಿ ಒಮ್ಮೆ, ಠಾಣೆಯಲ್ಲಿ ಒಮ್ಮೆ, ತಹಶೀಲ್ದಾರರ ಮುಂದೆ ಮತ್ತೊಮ್ಮೆ ಹೇಳಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆಗಳ ಜೊತೆ ಕಾಗದಪತ್ರಗಳೂ ಮಣ್ಣುಪಾಲಾದವು. ತೋಟದ ಲೈನ್‌ಮನೆಗಳಲ್ಲಿ ಬದುಕುವ ಕೂಲಿಯವರ ಹೆಸರಿನಲ್ಲಿ ಆ ಮನೆಗೆ ಮೊದಲಿನಿಂದಲೂ ದಾಖಲೆ ಇರುವುದಿಲ್ಲ. ಕಳೆದುಕೊಂಡದ್ದನ್ನು ಸಾಬೀತುಪಡಿಸಲಾಗದವರಿಗೆ ಕಳೆದುಕೊಂಡ ನೋವಿನ ಮೇಲೆ ಸುಳ್ಳುಗಾರರೆನ್ನಿಸಿಕೊಳ್ಳುವ ಭಯವೂ ಸೇರುತ್ತದೆ.

ಇದು ಬರೀ ಮರುಕದ ಮಾತಲ್ಲ, ಆಧಾರವಿದೆ. ಆಸ್ಟ್ರೇಲಿಯಾದ ಮೂರು ರಾಜ್ಯಗಳಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿ ಪರಿಹಾರಕ್ಕೆ ಅರ್ಜಿ ಹಾಕಿದವರನ್ನು ಆರು ವರ್ಷಗಳ ನಂತರ ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅರ್ಜಿಯ ಪ್ರಕ್ರಿಯೆಯೇ ತಮ್ಮನ್ನು ಹಣ್ಣುಮಾಡಿತು ಎಂದವರಲ್ಲಿ ಆತಂಕ, ಖಿನ್ನತೆ, ಅಂಗವೈಕಲ್ಯ ಎಲ್ಲವೂ ಹೆಚ್ಚಾಗಿದ್ದವು. ಮೊದಲೇ ಮನಸ್ಸು ಸೋತಿದ್ದವರಿಗೆ ಪ್ರಕ್ರಿಯೆಯೂ ಕಷ್ಟವಾಗಿ ಕಂಡಿರಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಂಶೋಧಕರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಂಬಂಧ ಕೊಂಚ ಸಡಿಲವಾಯಿತು, ಆದರೆ ಕಳಚಿಬೀಳಲಿಲ್ಲ. ನಮ್ಮಲ್ಲಿ ಭೋಪಾಲ್ ಕಣ್ಣೆದುರಿಗಿದೆ. ಅನಿಲ ಸೋರಿದ್ದು 1984ರ ಡಿಸೆಂಬರಿನಲ್ಲಿ. 47 ಕೋಟಿ ಡಾಲರಿನ ಪರಿಹಾರದ ಒಪ್ಪಂದವಾದದ್ದು 1989ರಲ್ಲಿ. ಹಣ ಹಂಚಿಕೆ ಶುರುವಾದದ್ದು 1992ರ ಹೊತ್ತಿಗೆ. ಗಾಯಗೊಂಡ ಬಹುಪಾಲು ಜನರ ಕೈಗೆ ಆಗ ಬಂದದ್ದು 25,000 ರೂಪಾಯಿ. ಅಷ್ಟು ವರ್ಷ ಅವರು ತಮ್ಮ ಕೆಮ್ಮು, ಉಬ್ಬಸ, ಕಣ್ಣಿನ ಮಬ್ಬುಗಳಿಗೆ ಪುರಾವೆ ಹೊಂದಿಸುತ್ತಲೇ ಇರಬೇಕಾಯಿತು. ಆ ಊರಿನ ಅನಾರೋಗ್ಯದಲ್ಲಿ ಅನಿಲದ ಪಾಲೆಷ್ಟು, ಕಾಯುವಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕಾಯುವಿಕೆಯ ಪಾಲು ಸೊನ್ನೆ ಎಂದು ಮಾತ್ರ ನಾನು ಒಪ್ಪಲಾರೆ.

ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ ಉದಾಹರಣೆ ರೈತರ ಆತ್ಮಹತ್ಯೆಯದು. 2015ರಲ್ಲಿ ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು, ಪತ್ನಿಗೆ ತಿಂಗಳಿಗೆ 2,000 ರೂಪಾಯಿ ಪಿಂಚಣಿಯನ್ನೂ ಘೋಷಿಸಿತು. ಇದು ದೊಡ್ಡ ಹೆಜ್ಜೆ. ಆದರೆ ಸಾವು ಸಾಲದಿಂದಲೇ ಆಯಿತೇ ಎಂದು ತೀರ್ಮಾನಿಸಲು ಉಪವಿಭಾಗಾಧಿಕಾರಿಗಳ ಸಮಿತಿಗೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ದಾಖಲೆ ಎಲ್ಲವೂ ಬೇಕು. ಊರಿನ ಕೈಸಾಲಕ್ಕೆ ರಸೀದಿ ಇರುವುದಿಲ್ಲ. ಗೇಣಿಗೆ ಮಾಡಿದ ಹೊಲದ ಪಹಣಿ ಇನ್ನೊಬ್ಬರ ಹೆಸರಿನಲ್ಲಿರುತ್ತದೆ. ಗಂಡ ಎಷ್ಟು ಸಾಲ ಮಾಡಿದ್ದ ಎಂಬುದೇ ಎಷ್ಟೋ ಹೆಂಗಸರಿಗೆ ತಿಳಿದಿರುವುದಿಲ್ಲ. ಅವನು ಕುಡಿಯುತ್ತಿದ್ದನೇ, ಮನೆಯಲ್ಲಿ ಜಗಳವಿತ್ತೇ ಎಂಬ ವಿಚಾರಣೆಯನ್ನು ಸೂತಕದ ಮನೆಯಲ್ಲಿ ಆಕೆ ಎದುರಿಸಬೇಕಾಗುತ್ತದೆ. ಪರಿಹಾರದ ಅರ್ಜಿ ತಿರಸ್ಕೃತವಾದರೆ ಹೋಗುವುದು ಹಣವೊಂದೇ ಅಲ್ಲ. ಗಂಡನ ಸಾವಿಗೆ ಮನೆಯವರೇ ಕಾರಣ ಎಂಬ ಊರಿನ ಪಿಸುಮಾತಿಗೆ ಸರ್ಕಾರಿ ಮೊಹರು ಬಿದ್ದಂತಾಗುತ್ತದೆ.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಬೆಲೆ ಕುಸಿತ, ಬರ, ಸಾಲ ಇವೆಲ್ಲ ಆರ್ಥಿಕ ಅನ್ಯಾಯಗಳು. ಅವನ್ನು ಮನಸ್ಸಿನ ಗಾಯವೆಂದು ಕರೆದರೆ ಹೊಣೆ ನುಣುಚಿಹೋಗುತ್ತದೆ ಎಂಬ ಆಕ್ಷೇಪ. ಈ ಅಂಜಿಕೆಗೆ ಚರಿತ್ರೆಯಿದೆ. 2002ರಲ್ಲಿ ಜಿ.ಕೆ. ವೀರೇಶ್ ಅಧ್ಯಕ್ಷತೆಯ ತಜ್ಞರ ಸಮಿತಿ ರೈತರ ಆತ್ಮಹತ್ಯೆಗೆ ಕುಡಿತ, ಕೌಟುಂಬಿಕ ಕಲಹಗಳಂಥ ಕಾರಣಗಳಿಗೂ ಒತ್ತು ಕೊಟ್ಟಾಗ, ಕೃಷಿಯ ಬಿಕ್ಕಟ್ಟನ್ನು ವ್ಯಕ್ತಿಯ ದೌರ್ಬಲ್ಯವಾಗಿಸಲಾಗಿದೆ ಎಂಬ ಟೀಕೆ ಬಂತು. ಆ ಟೀಕೆ ಸರಿಯಾಗಿತ್ತೆಂದೇ ನನ್ನ ಭಾವನೆ. ಆದರೆ ಆಘಾತಕ್ಕೆ ಸ್ಪಂದಿಸುವ ನೀತಿ ರೈತನ ಮನಸ್ಸನ್ನು ತಿದ್ದಲು ಹೊರಟದ್ದಲ್ಲ. ತಿದ್ದಿಕೊಳ್ಳಬೇಕಾದದ್ದು ಆಡಳಿತ ಎಂದು ಹೇಳುವ ನೀತಿ ಅದು. ದುರಂತಕ್ಕೆ ಸಿಕ್ಕ ಬಹುಪಾಲು ಜನ ಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ನಡೆದದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸುವ ಸಮಾಲೋಚನೆ ಮುಂದಿನ ಮಾನಸಿಕ ತೊಂದರೆಯನ್ನು ತಡೆಯುವುದಿಲ್ಲ ಎಂಬುದನ್ನು ಹಲವು ಪ್ರಯೋಗಗಳ ಒಟ್ಟು ವಿಮರ್ಶೆ ತೋರಿಸಿದೆ. ನೆಂಟರಿಷ್ಟರು, ಕೆಲಸ, ಹಬ್ಬ, ಸ್ತ್ರೀಶಕ್ತಿ ಸಂಘ ಇವೇ ಜನರನ್ನು ಎತ್ತಿ ನಿಲ್ಲಿಸುವ ಆಸರೆಗಳು. ಊರಿನವರನ್ನು ಬೇರೆ ಬೇರೆ ಕಡೆ ಚದುರಿಸುವ ಪುನರ್ವಸತಿ, ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾದ ಸ್ಥಿತಿ, ಇವು ಆ ಆಸರೆಗಳನ್ನೇ ಕಿತ್ತುಕೊಳ್ಳುತ್ತವೆ.

ಪರಿಶೀಲನೆ ಸಡಿಲವಾದರೆ ಮೋಸಗಾರರು ನುಗ್ಗುತ್ತಾರೆ ಎನ್ನುವವರಿಗೆ ನಮ್ಮದೇ ಕಾನೂನಿನಲ್ಲಿ ಉತ್ತರವಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು, ಸಾಕ್ಷ್ಯ ಹೇಳಲು ಮಗುವನ್ನು ಮತ್ತೆಮತ್ತೆ ನ್ಯಾಯಾಲಯಕ್ಕೆ ಕರೆಸಬಾರದು. ಇದರಿಂದ ಸತ್ಯಶೋಧನೆ ಸಡಿಲವಾಗಲಿಲ್ಲ, ಅದರ ಭಾರ ಮಗುವಿನ ಹೆಗಲಿನಿಂದ ಸಂಸ್ಥೆಗಳ ಹೆಗಲಿಗೆ ಬಂತು. ಇದೇ ತತ್ವವನ್ನು ಪರಿಹಾರದ ಕಚೇರಿಗೂ ತರಬಹುದು. ಹೇಳಿಕೆ ಒಂದೇ ಸಲ ದಾಖಲಾಗಿ ಠಾಣೆಗೂ ಕಂದಾಯಕ್ಕೂ ಅದೇ ಸಲ್ಲಲಿ. ಪಹಣಿ, ಪಡಿತರ ಚೀಟಿ, ಬ್ಯಾಂಕ್ ಸಾಲದ ವಿವರಗಳು ಸರ್ಕಾರದ ಮತ್ತು ಬ್ಯಾಂಕುಗಳ ಕಂಪ್ಯೂಟರುಗಳಲ್ಲೇ ಇರುವಾಗ ಅವನ್ನು ಹೊಂದಿಸುವ ಕೆಲಸ ಕಚೇರಿಯದಾಗಲಿ. ಕೈಸಾಲಕ್ಕೆ ನೆರೆಹೊರೆಯವರ ಸಾಕ್ಷ್ಯ ಸಾಕಾಗಲಿ. ಮೊದಲ ಕಂತು ತೀರ್ಮಾನಕ್ಕೆ ಕಾಯದೆ ಕೈಸೇರಲಿ. ತಪ್ಪಾಗಿ ಸಂದಾಯವಾದ ಒಂದಿಷ್ಟು ಹಣಕ್ಕಿಂತ ತಡೆಹಿಡಿದ ಹಣದಿಂದ ಆಗುವ ಹಾನಿ ದೊಡ್ಡದು. ತಿರಸ್ಕರಿಸಬೇಕಾದಾಗ ಕಾರಣವನ್ನು ಕನ್ನಡದಲ್ಲಿ, ಮನೆಗೆ ಹೋಗಿ, ಮುಖತಃ ತಿಳಿಸಲಿ. ಈ ಹೊಣೆ ಬೀಳುವುದು ಗ್ರಾಮ ಆಡಳಿತ ಅಧಿಕಾರಿಗಳ ಮತ್ತು ಆಶಾ ಕಾರ್ಯಕರ್ತೆಯರ ಮೇಲೆ. ಸಾವಿನ ಮನೆಗೆ ಮೊದಲು ಹೋಗುವವರು ಅವರು, ಆ ದೃಶ್ಯಗಳನ್ನು ಹೊತ್ತು ಮರಳುವವರೂ ಅವರೇ. ಗೌರವಧನಕ್ಕಾಗಿ ಪದೇಪದೇ ಬೀದಿಗಿಳಿಯಬೇಕಾದ ಆಶಾ ಕಾರ್ಯಕರ್ತೆಗೆ ಈ ಕೆಲಸವನ್ನೂ ಹೊರಿಸುವುದಾದರೆ ತರಬೇತಿಯ ಜೊತೆಗೆ ನಿಗದಿತ ಸಂಬಳ, ರಜೆ ಮತ್ತು ಆಕೆಯ ಮಾತು ಕೇಳಿಸಿಕೊಳ್ಳುವ ಒಬ್ಬ ಮೇಲ್ವಿಚಾರಕರು ಅದೇ ಆದೇಶದಲ್ಲಿ, ಅದೇ ಬಜೆಟ್ಟಿನಲ್ಲಿ ಇರಬೇಕು.