ಕ್ಲಾಸಲ್ಲಿ ಮೊಬೈಲ್ ಇರಲಿ, ಆದ್ರೆ ಯಾರ ಕೈಯಲ್ಲಿ?

ನಮ್ಮ ಪುಣೆಯಿಂದ ಸೋಲಾಪುರದ ಕಡೆ ಓಡಾಡೋರಿಗೆ ಗೊತ್ತಿರುತ್ತೆ, ಆ ಜಿಲ್ಲೆಯಲ್ಲಿ ಮನೆಮಾತು ಕನ್ನಡ ಆಗಿರೋ ಊರುಗಳಿವೆ. ಪರಿತೇವಾಡಿ ಅಲ್ಲಿನ ಒಂದು ಸಣ್ಣ ಹಳ್ಳಿ. 2009ರಲ್ಲಿ ಅಲ್ಲಿನ ಜಿಲ್ಲಾ ಪರಿಷತ್ ಶಾಲೆಗೆ ರಣಜಿತ್‌ಸಿಂಹ ಡಿಸಲೆ ಅನ್ನೋ ಮೇಷ್ಟ್ರು ಬಂದಾಗ ಕಟ್ಟಡದ ಒಂದು ಪಕ್ಕ ದನದ ಕೊಟ್ಟಿಗೆ, ಇನ್ನೊಂದು ಪಕ್ಕ ಉಗ್ರಾಣ. ಹುಡುಗಿಯರು ಮನೇಲಿ ಆಡೋದು ಕನ್ನಡ, ಪುಸ್ತಕ ಮಾತ್ರ ಬೇರೆ ಭಾಷೆಲಿ. ಮೇಷ್ಟ್ರು ಪಾಠಗಳನ್ನ ಕನ್ನಡಕ್ಕೆ ತಂದರು, ಪುಸ್ತಕಕ್ಕೆ ಕ್ಯೂಆರ್ ಕೋಡ್ ಸೇರಿಸಿದರು. ಸ್ಕ್ಯಾನ್ ಮಾಡಿದ್ರೆ ಪದ್ಯ ಕೇಳಿಸುತ್ತೆ, ಪಾಠದ ವಿಡಿಯೊ ಬರುತ್ತೆ. 2020ರಲ್ಲಿ ಅವರಿಗೆ 10 ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರೈಜ್ ಬಂತು. ಅದರಲ್ಲಿ ಅರ್ಧ ದುಡ್ಡನ್ನ ಕೊನೆ ಸುತ್ತಿಗೆ ಬಂದಿದ್ದ ಉಳಿದ ಶಿಕ್ಷಕರಿಗೆ ಹಂಚಿಬಿಟ್ಟರು. ನಮ್ಮ ಅಪ್ರೈಸಲ್ ಸೀಸನ್ನಲ್ಲಿ ಇದನ್ನ ಊಹಿಸ್ಕೊಳ್ಳಿ!

"ಕ್ಲಾಸಲ್ಲಿ ಮೊಬೈಲ್ ಬೇಡವೇ ಬೇಡ" ಅನ್ನೋರಿಗೆ ನಾನು ಹೇಳೋದು ಈ ಮೇಷ್ಟ್ರ ವಿಷಯ. ಹಾಗಂತ ಪ್ರತಿ ಮಗುವಿಗೂ ಒಂದೊಂದು ಫೋನ್ ಅಂದ್ರೆ ಒಪ್ಪಲ್ಲ. ಕೋಡ್ ಓದೋಕೆ ಒಂದು ಫೋನ್ ಸಾಕು. ಅದು ಮೇಷ್ಟ್ರ ಕೈಲಿದ್ರೂ ಆಯ್ತು, ಸಂಜೆ ಅಪ್ಪನ ಕೈಲಿದ್ರೂ ಆಯ್ತು.

ನನ್ನ ಮಗಳು ಐದನೇ ಕ್ಲಾಸು. ಈ ವರ್ಷ ಅವಳ ಸ್ಕೂಲಿಂದ ಸರ್ಕ್ಯುಲರ್ ಬಂದಿದೆ: ಕ್ವಿಜ್ ಆ್ಯಪ್‌ಗೆ ವಾರಕ್ಕೆರಡು ದಿನ ಮಕ್ಕಳು ಸ್ವಂತ ಸ್ಮಾರ್ಟ್‌ಫೋನ್ ತರಬೇಕು. ಪೇರೆಂಟ್ಸ್ ಗ್ರೂಪಲ್ಲಿ ಅರ್ಧ ಜನಕ್ಕೆ ಖುಷಿ. ಅವರ ಮಾತೂ ಸುಳ್ಳಲ್ಲ. ಗಂಡ-ಹೆಂಡತಿ ಇಬ್ಬರೂ ಆಫೀಸಿಗೆ ಹೋಗೋ ಮನೆ, ಅಜ್ಜಿ-ತಾತ ಊರಲ್ಲಿ, ಹಿಂಜವಡಿ ಟ್ರಾಫಿಕ್ಕಲ್ಲಿ ಸ್ಕೂಲ್ ಬಸ್ ಸಿಕ್ಕಿಬಿದ್ರೆ ಮಗು ಎಲ್ಲಿದೆ ಅಂತ ತಿಳೀಬೇಕಲ್ವಾ? ತಿಳೀಬೇಕು. ಅದಕ್ಕೆ ಬಟನ್ ಫೋನ್ ಸಾಕು.

ನಾನು ಕೆಲಸ ಮಾಡೋದು ನೋಟಿಫಿಕೇಶನ್ ಕಳಿಸೋ ಸಿಸ್ಟಮ್ ಮೇಲೆ. ಯಾವ ಹೊತ್ತಿಗೆ ಯಾವ ವಾಕ್ಯ ಕಳಿಸಿದ್ರೆ ಜನ ಜಾಸ್ತಿ ಒತ್ತುತ್ತಾರೆ ಅಂತ ಎರಡು ಗುಂಪು ಮಾಡಿ ಅಳೀತೀವಿ, ಗೆದ್ದಿದ್ದನ್ನ ಎಲ್ಲರಿಗೂ ಬಿಡ್ತೀವಿ. ಎಂಟೆಕ್ ಮಾಡಿದೋರ ಒಂದು ಟೀಮೇ ಇದಕ್ಕೆ ಕೂತಿರುತ್ತೆ. ಎದುರಿಗಿರೋದು ಹತ್ತು ವರ್ಷದ ಮಗು. ಅದಕ್ಕೆ "ನೀನೇ ಕಂಟ್ರೋಲ್ ಮಾಡ್ಕೋ" ಅನ್ನೋದು ನ್ಯಾಯವಲ್ಲ. ಅಸರ್ 2024 ವರದಿ ನೋಡಿ: ಸ್ಮಾರ್ಟ್‌ಫೋನ್ ಬಳಸೋಕೆ ಬರುವ, ಹಳ್ಳಿಗಳ 14–16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಬಳಸಿದೋರು ಶೇ. 57, ಸೋಶಿಯಲ್ ಮೀಡಿಯಾಗೆ ಬಳಸಿದೋರು ಶೇ. 76.

2025ರಲ್ಲಿ ದೆಹಲಿ ಹೈಕೋರ್ಟ್ ಪೂರ್ತಿ ನಿಷೇಧ ಸರಿಯಲ್ಲ ಅಂತ ಹೇಳಿ, ಆಗೋ ಕಡೆ ಬೆಳಿಗ್ಗೆ ಫೋನ್ ಜಮಾ ಮಾಡಿಸ್ಕೊಂಡು ಮನೆಗೆ ಹೋಗುವಾಗ ಕೊಡಿ ಅಂದಿತು. ನನಗೆ ಇದು ಸರಿ ಅನ್ಸುತ್ತೆ.

ಇನ್ನೊಂದು ವಿಷಯ ನಮ್ಮ ಗ್ರೂಪಲ್ಲಿ ಯಾರೂ ಎತ್ತಲಿಲ್ಲ. ಅದೇ ಕ್ಲಾಸಲ್ಲಿ ಆರ್‌ಟಿಇ ಶೇ. 25 ಸೀಟಲ್ಲಿ ಬಂದ ಮಕ್ಕಳೂ ಇದ್ದಾರೆ. ಮನೆಗೆಲ್ಲ ಇರೋದೇ ಒಂದು ಫೋನ್, ಅದು ಅಪ್ಪನ ಜೊತೆ ಡ್ಯೂಟಿಗೆ ಹೋಗಿರುತ್ತೆ. ಕ್ವಿಜ್ ದಿನ ಆ ಮಗು ಏನ್ ಮಾಡ್ಬೇಕು? ಸರ್ಕ್ಯುಲರಲ್ಲಿ ಅದಕ್ಕೊಂದು ಸಾಲೂ ಇಲ್ಲ.

ನಾವು ನಾಲ್ಕು ಮನೆಯವರು ಸೇರಿ ಬರೆದು ಕೊಟ್ಟಿದ್ದೀವಿ: ಕ್ಲಾಸಿಗೆ ಹತ್ತು ಟ್ಯಾಬ್ ಶಾಲೆಯೇ ಇಡಲಿ, ಖರ್ಚಲ್ಲಿ ನಾವೂ ಪಾಲು ಹಾಕ್ತೀವಿ, ಪೀರಿಯಡ್ ಮುಗಿದ ಮೇಲೆ ಬೀರುವಿಗೆ ಹೋಗಲಿ. ಉತ್ತರ ಇನ್ನೂ ಬಂದಿಲ್ಲ. ಚೆನ್ನೈ, ಹೈದರಾಬಾದ್ ಕಡೆ ಇರೋರು, ನಿಮ್ಮ ಮಕ್ಕಳ ಸ್ಕೂಲಲ್ಲಿ ಏನು ವ್ಯವಸ್ಥೆ ಇದೆ ಹೇಳಿ, ಮೀಟಿಂಗಿಗೆ ಹೋಗುವಾಗ ನನಗೆ ಬೇಕಾಗುತ್ತೆ.