ತನ್ನ ಹೆಸರು ತನಗೇ ಗೊತ್ತಿಲ್ಲದ ಕಂಪ್ಯೂಟರ್



2025ರ ದೀಪಾವಳಿಗೆ ಮನೆ ಗುಡಿಸಿ ಸಾರಿಸುವಾಗ ನಮ್ಮ ಅತ್ತಿಗೆಗೆ ಅಟ್ಟದ ಮೇಲೆ, ಹಿತ್ತಾಳೆ ಕೊಳಗದ ಹಿಂದೆ, ಒಂದು ಪುಟ್ಟ ಕಂಪ್ಯೂಟರ್ ಸಿಕ್ಕಿತು. ಹತ್ತು ಇಂಚಿನ ಪರದೆ. ಕೀಬೋರ್ಡನ್ನು ಕಳಚಿದರೆ ಟ್ಯಾಬ್ಲೆಟ್, ಸಿಕ್ಕಿಸಿದರೆ ಲ್ಯಾಪ್‌ಟಾಪ್. ಮಗಳ ಓದಿಗೆಂದು ಹತ್ತು ವರ್ಷದ ಹಿಂದೆ ಕೊಂಡದ್ದು. "ಚಾರ್ಜಿಗೆ ಹಾಕಿದರೆ ಇನ್ನೂ ಕಣ್ಣು ಬಿಡುತ್ತೆ. ಏನಾದ್ರೂ ಮಾಡೋಕಾಗುತ್ತಾ ನೋಡಪ್ಪ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದರು.

ಕಂಪನಿಯ ಹೆಸರು ಬೇಡ. ಆ ಕಾಲದಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಇಂಥ ಯಂತ್ರಗಳು ಹತ್ತಾರು ಹೆಸರಿನಲ್ಲಿ ಬಂದಿದ್ದವು. ಮೇಲಿನ ಕಣಕ ಬೇರೆ ಬೇರೆ, ಒಳಗಿನ ಹೂರಣ ಬಹುಪಾಲು ಒಂದೇ: ಆಟಮ್ ಜಾತಿಯ ಸಣ್ಣ ಪ್ರೊಸೆಸರ್, 2 ಜಿಬಿ ಮೆಮೊರಿ, 32 ಜಿಬಿ ಸಂಗ್ರಹ. ಆ 32ರಲ್ಲಿ ಮುಕ್ಕಾಲು ಪಾಲನ್ನು ವಿಂಡೋಸೇ ನುಂಗಿ ಕೂತಿತ್ತು. ದೀಪಾವಳಿಗೆ ವಾರ ಮುಂಚೆ, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿದಿತ್ತು. ಲಿನಕ್ಸ್ ಹಾಕೋಣ, ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಹನ್ನೊಂದು ದಿನ ಹಿಡಿಯಿತು.

ಲಿನಕ್ಸ್ ಎಂದರೇನೆಂದು ಉದ್ದಕ್ಕೆ ಹೇಳುವುದಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ, ಯಾರು ಬೇಕಾದರೂ ಪಡೆದು ತಿದ್ದಬಹುದಾದ ಕರ್ನಲ್ ಅದು. ಕರ್ನಲ್ ಅಂದರೆ ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶ. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಅದೇ. ಸಾಮಾನ್ಯ ಲ್ಯಾಪ್‌ಟಾಪಿಗೆ ಇವತ್ತು ಲಿನಕ್ಸ್ ಹಾಕುವುದು ನಿಜಕ್ಕೂ ಅರ್ಧ ಗಂಟೆಯ ಕೆಲಸವೇ. ಹಾಗಾದರೆ ಈ ಪುಟ್ಟದ್ದು ಯಾಕೆ ಸತಾಯಿಸಿತು?

ಮದುವೆ ಮನೆಯನ್ನು ನೆನೆಸಿಕೊಳ್ಳಿ. ಕೆಲವು ನೆಂಟರು ಬಾಗಿಲಲ್ಲೇ "ನಾನು ಇಂಥವರ ಮಗ, ಇಂಥ ಊರು" ಅಂತ ತಾವೇ ಹೇಳಿಕೊಂಡು ಒಳಗೆ ಬರುತ್ತಾರೆ. ಸಾಮಾನ್ಯ ಕಂಪ್ಯೂಟರಿನ ಬಿಡಿಭಾಗಗಳು ಹೀಗೆಯೇ. ಪಿಸಿಐ, ಯುಎಸ್‌ಬಿ ಎಂಬ ದಾರಿಗಳಲ್ಲಿ ಕೂತ ಪ್ರತಿ ಭಾಗವೂ ಕೇಳಿದ ತಕ್ಷಣ ಎರಡು ಸಂಖ್ಯೆ ಹೇಳುತ್ತದೆ, ಒಂದು ತಯಾರಕರದ್ದು, ಇನ್ನೊಂದು ತನ್ನದು. ಪಿಸಿಐ ದಾರಿಯಲ್ಲಿ ಇಂಟೆಲ್‌ನ ಸಂಖ್ಯೆ 8086. ಆ ಕಂಪನಿಯ 1978ರ ಹೆಸರಾಂತ ಚಿಪ್ಪಿನ ಸಂಖ್ಯೆಯೇ ಅದು. ಕರ್ನಲ್ ಆ ಜೋಡಿಯನ್ನು ತನ್ನ ಪಟ್ಟಿಯಲ್ಲಿ ಹುಡುಕಿ ತಕ್ಕ ಡ್ರೈವರನ್ನು, ಅಂದರೆ ಆ ಭಾಗವನ್ನು ನಡೆಸುವ ತಂತ್ರಾಂಶವನ್ನು, ಜೊತೆ ಮಾಡುತ್ತದೆ. ಇನ್ನು ಕೆಲವು ನೆಂಟರಿರುತ್ತಾರೆ, ಬಂದು ಮೂಲೆಯಲ್ಲಿ ಸುಮ್ಮನೆ ಕೂರುವವರು. ಅವರು ಯಾರೆಂದು ಮನೆಯ ಹಿರಿಯರನ್ನೇ ಕೇಳಬೇಕು. ಈ ಅಗ್ಗದ ಟ್ಯಾಬ್ಲೆಟ್ಟುಗಳ ಒಳಗಿನ ಭಾಗಗಳು ಫೋನಿನಿಂದ ಬಂದವು. ಟಚ್‌ಸ್ಕ್ರೀನ್, ಧ್ವನಿ, ವಾಲಿಕೆ ಅಳೆಯುವ ಸಂವೇದಕ, ಇವೆಲ್ಲ ಕೂತಿರುವ ದಾರಿಯಲ್ಲಿ ಸ್ವಪರಿಚಯದ ಪದ್ಧತಿಯಿಲ್ಲ. ಅವುಗಳ ಪರವಾಗಿ ಹೇಳಬೇಕಾದ ಹಿರಿಯರು ಫರ್ಮ್‌ವೇರ್, ಅಂದರೆ ತಯಾರಕರು ಬೋರ್ಡಿನಲ್ಲೇ ಬರೆದಿಟ್ಟ ಮೊದಲ ತಂತ್ರಾಂಶ. ಅಗ್ಗದ ಯಂತ್ರಗಳಲ್ಲಿ ಈ ಹಿರಿಯರಿಗೆ ಒಂದಿಷ್ಟು ಮರೆವು.

ಮೊದಲ ಪೆಟ್ಟು ಬಾಗಿಲಲ್ಲೇ ಬಿತ್ತು. ಪೆನ್‌ಡ್ರೈವಿನಲ್ಲಿ ಲಿನಕ್ಸ್ ಬರೆದು, ಸಣ್ಣ ಓಟಿಜಿ ಕೇಬಲ್ಲಿನಲ್ಲಿ ಸಿಕ್ಕಿಸಿ ಬೂಟ್ ಮೆನು ತೆರೆದರೆ ಪೆನ್‌ಡ್ರೈವಿನ ಸುಳಿವೇ ಇಲ್ಲ. ಬೇರೆ ಪೆನ್‌ಡ್ರೈವ್ ತಂದೆ. ಅದೂ ಇಲ್ಲ. ಮೂರನೆಯದಕ್ಕೆ ದುಡ್ಡು ಕೊಟ್ಟ ಮೇಲೆ ಬುದ್ಧಿ ಬಂತು: ತಪ್ಪು ಪೆನ್‌ಡ್ರೈವಿನದಲ್ಲ.

ಗುಟ್ಟು ಇದು. ಇಂಟೆಲ್‌ನ ಆಟಮ್ ಝಡ್3735ಎಫ್‌ನಂಥ ಚಿಪ್ಪುಗಳು, ಬೇ ಟ್ರೇಲ್ ಎಂಬ ಪೀಳಿಗೆಯವು, 64 ಬಿಟ್‌ನವು. ಆದರೆ ಅಂಥ ಯಂತ್ರಗಳು ಹೆಚ್ಚಾಗಿ 32 ಬಿಟ್ ವಿಂಡೋಸ್ ಜೊತೆ ಮಾರಾಟವಾದ್ದರಿಂದ ಅವುಗಳ ಫರ್ಮ್‌ವೇರೂ 32 ಬಿಟ್‌ನದೇ. ಪೆನ್‌ಡ್ರೈವಿನಲ್ಲಿ ಅದು ಹುಡುಕುವುದು 'ಬೂಟ್ ಐಎ32' ಎಂಬ ಒಂದೇ ಕಡತವನ್ನು. ನನ್ನ ಪೆನ್‌ಡ್ರೈವಿನಲ್ಲಿದ್ದದ್ದು 'ಬೂಟ್ ಎಕ್ಸ್64' ಮಾತ್ರ. ಹೆಸರು ಹೊಂದಲಿಲ್ಲ, ಆದ್ದರಿಂದ ಅದರ ಪಾಲಿಗೆ ಪೆನ್‌ಡ್ರೈವೇ ಇಲ್ಲ. ದೋಷ ಇದೆ ಅಂತ ಒಂದು ಮಾತೂ ಬರುವುದಿಲ್ಲ, ಅದೇ ಇದರ ಕೆಟ್ಟ ಗುಣ. ಇದನ್ನು ಮೊದಲೇ ತಿಳಿಯಲು ಸುಲಭದ ದಾರಿಯಿದೆ. ವಿಂಡೋಸ್ ಅಳಿಸುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಪುಟ ನೋಡಿ. ಪ್ರೊಸೆಸರ್ 64 ಬಿಟ್, ಕಾರ್ಯಾಚರಣೆ ವ್ಯವಸ್ಥೆ 32 ಬಿಟ್ ಅಂತಿದ್ದರೆ, ಫರ್ಮ್‌ವೇರ್ ಮೇಲೆ ಒಂದು ಕಣ್ಣಿಡಿ.

64 ಬಿಟ್ ಕರ್ನಲ್ಲನ್ನು 32 ಬಿಟ್ ಫರ್ಮ್‌ವೇರಿನಿಂದ ಎಬ್ಬಿಸುವ 'ಮಿಕ್ಸೆಡ್ ಮೋಡ್' ಲಿನಕ್ಸ್ 3.15ರಲ್ಲಿ, 2014ರ ಜೂನ್‌ನಲ್ಲಿ ಸೇರಿತು. ಮಾರನೇ ವರ್ಷ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 8ನೇ ಆವೃತ್ತಿ ಬಂದಾಗ, ಅದರ ಒಂದು ಸ್ಥಾಪನಾ ಡಿಸ್ಕು ಇದನ್ನು ತಾನಾಗಿ ನಿಭಾಯಿಸುವಂತೆ ಮಾಡಲಾಗಿತ್ತು. ಎಲ್ಲ ಲಿನಕ್ಸ್ ವಿತರಣೆಗಳೂ ಆ ತೊಂದರೆ ತೆಗೆದುಕೊಳ್ಳಲಿಲ್ಲ. ಇಲ್ಲೊಂದು ಎರಡನೇ ಹೊಂಡವೂ ಇದೆ. ಹೇಗೋ ಒಳನುಗ್ಗಿ, ಸ್ಥಾಪನೆ ನೂರಕ್ಕೆ ನೂರು ಮುಗಿದು, ಅಭಿನಂದನೆ ಅಂತ ಪರದೆ ಹೇಳಿದ ಮೇಲೆ ಮತ್ತೆ ಚಾಲು ಮಾಡಿದರೆ ಕತ್ತಲೆ! ಏಕೆಂದರೆ ಒಳಗೆ ಕೂರಿಸಿದ, ಕರ್ನಲ್ಲನ್ನು ಎಬ್ಬಿಸುವ, ಬೂಟ್‌ಲೋಡರ್ 64 ಬಿಟ್‌ನದು. ಅದೂ 32ರದ್ದೇ ಆಗಬೇಕು. ಡೆಬಿಯನ್ ಕಡೆಯವರು ಅದನ್ನು 'ಗ್ರಬ್ ಇಎಫ್‌ಐ ಐಎ32' ಅನ್ನುತ್ತಾರೆ. ಬೇಕಾದವರು ಬರೆದುಕೊಳ್ಳಿ. ಬೇರೆ ಆಜ್ಞೆಗಳನ್ನು ಬಾನುಲಿಯಲ್ಲಿ ಚುಕ್ಕೆ, ಗೆರೆ ಸಮೇತ ಹೇಳಿ ನಿಮ್ಮನ್ನು ಸುಸ್ತು ಮಾಡುವುದಿಲ್ಲ.

ಅಂತೂ ಯಂತ್ರ ಎದ್ದ ಮೇಲೆ ನೋಡಿದರೆ ಪರದೆ ಅಡ್ಡಡ್ಡ! ಅಕ್ಷರಗಳೆಲ್ಲ ಎಡಗಡೆಯಿಂದ ಮಲಗಿಕೊಂಡು ಮೇಲಕ್ಕೆ ಹರಿಯುತ್ತಿದ್ದವು. ನಾನು ಕತ್ತು ವಾಲಿಸಿ ಓದುತ್ತಿದ್ದೆ, ಅತ್ತಿಗೆ ಯಂತ್ರವನ್ನೇ ತಿರುಗಿಸಿ ಓದಿದರು. ಈ ಪರದೆಗಳು ಉದ್ದುದ್ದ ಹಿಡಿಯುವ ಟ್ಯಾಬ್ಲೆಟ್ಟಿಗೆಂದು ತಯಾರಾದವು. ಅಗಲ 800 ಚುಕ್ಕೆ, ಎತ್ತರ 1280. ಲ್ಯಾಪ್‌ಟಾಪ್ ಮಾಡುವಾಗ ಅವನ್ನೇ ಅಡ್ಡ ಮಲಗಿಸಿ ಕೂರಿಸುತ್ತಾರೆ. ಕರ್ನಲ್ಲಿಗೆ 'ಇದನ್ನು ತಿರುಗಿಸಿ ತೋರಿಸು' ಎಂದು ಒಂದು ಪದ ಹೇಳಿದರೆ ಸರಿಹೋಗುತ್ತದೆ.

ವೈಫೈ ಇನ್ನೊಂದು ಕತೆ. ಲಿನಕ್ಸಿನಲ್ಲಿ ಬಿಡಿಭಾಗಗಳನ್ನು ಪಟ್ಟಿ ಮಾಡುವ ಎರಡು ಹಳೇ ಆಜ್ಞೆಗಳಿವೆ, ಪಿಸಿಐ ದಾರಿಗೊಂದು, ಯುಎಸ್‌ಬಿ ದಾರಿಗೊಂದು. ಎರಡರಲ್ಲೂ ವೈಫೈ ಇಲ್ಲ. ಯಂತ್ರದಲ್ಲಿ ವೈಫೈ ಚಿಪ್ಪೇ ಸತ್ತಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅದು ಬದುಕೇ ಇತ್ತು. ಆದರೆ ಕೂತಿದ್ದದ್ದು ಎಸ್‌ಡಿಐಒ ಎಂಬ ಮೂರನೇ ದಾರಿಯಲ್ಲಿ, ಮೆಮೊರಿ ಕಾರ್ಡ್ ಸಿಕ್ಕಿಸುವ ದಾರಿಯ ನೆಂಟ. ಆ ಬೀದಿಗೆ ನಾನು ಹೋಗಿಯೇ ಇರಲಿಲ್ಲ.

ದಾರಿ ತೋರಿಸಿದ್ದು ಡಿಮೆಸ್ಗ್. ಹೆಸರು ಒರಟು, ಕೆಲಸ ಚಿನ್ನ. ಕರ್ನಲ್ ಕಣ್ಣು ಬಿಟ್ಟ ಗಳಿಗೆಯಿಂದ ಬರೆದಿಡುವ ದಿನಚರಿ ಅದು. ಪ್ರತಿ ಸಾಲಿನ ಮುಂದೆ ಎಷ್ಟನೇ ಸೆಕೆಂಡು ಎಂಬ ಲೆಕ್ಕವೂ ಇರುತ್ತದೆ. ಸಾವಿರಾರು ಸಾಲಿನ ನಡುವೆ ಒಂದು ಸಾಲು: 8723ಬಿಎಸ್ ಎಂಬ ಕಡತ ತುಂಬಲು ಹೋದೆ, ಆಗಲಿಲ್ಲ, ದೋಷ ಮೈನಸ್ 2. ಮೈನಸ್ 2 ಅಂದರೆ 'ಅಂಥ ಕಡತವೇ ಇಲ್ಲ'. ಎಂಥ ಸಮಾಧಾನದ ಸಾಲು ಅದು! ಚಿಪ್ಪು ಇದೆ, ಡ್ರೈವರ್ ಇದೆ, ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದಿದ್ದಾರೆ. ಚಿಪ್ಪಿನೊಳಗೆ ತುಂಬಬೇಕಾದ ಒಂದು ಕಡತ ಮಾತ್ರ ಬಂದಿಲ್ಲ. 'ವೈಫೈ ಬರ್ತಿಲ್ಲ' ಎಂಬ ಮಾತಿನಿಂದ ಯಾರಿಗೂ ಏನೂ ಮಾಡಲಾಗದು. 'ಮೈನಸ್ 2' ಅಂದರೆ ಐದು ನಿಮಿಷದ ಕೆಲಸ. ನನ್ನ ಮಟ್ಟಿಗೆ ಈ ವಿದ್ಯೆಯೆಲ್ಲ ಇಷ್ಟೇ: ಯಾಕೆ ಆಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ, ಎಲ್ಲಿಯವರೆಗೆ ಆಗಿದೆ ಎಂದು ನೋಡುವುದು.

ಆ ಕಡತ ತರುವುದಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಆ ಕಡತ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಹಾಗೆ. ಇದರಿಂದ ಪಾರಾಗಲು ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿ. ಬಹುಪಾಲು ಆಂಡ್ರಾಯ್ಡ್ ಫೋನುಗಳನ್ನು ಲಿನಕ್ಸ್ ಬೇರೇನೂ ಕೇಳದೆ ಒಪ್ಪಿಕೊಳ್ಳುತ್ತದೆ. 2023ರ ಡೆಬಿಯನ್ 12ರಿಂದೀಚೆಗೆ ಚಿಪ್ಪಿಗೆ ತುಂಬುವ ಇಂಥ ಕಡತಗಳು ಸ್ಥಾಪನಾ ಪೆನ್‌ಡ್ರೈವಿನಲ್ಲೇ ಬರುತ್ತವೆ. ಈ 8723ಬಿಎಸ್ ಚಿಪ್ಪಿನ ಡ್ರೈವರ್ ಕರ್ನಲ್ಲಿನೊಳಗೆ ಬಂದದ್ದು 2017ರ ಜುಲೈನಲ್ಲಿ, 4.12ರಲ್ಲಿ. ಅದಕ್ಕೆ ಹಿಂದೆ ಜನ ಅದನ್ನು ತಾವೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು, ಕರ್ನಲ್ ಬದಲಾದಾಗೆಲ್ಲ ಮತ್ತೊಮ್ಮೆ. ಹಳೇ ಯಂತ್ರಕ್ಕೆ ಹಳೇ ಲಿನಕ್ಸೇ ಸರಿ ಎಂಬ ನಂಬಿಕೆ ಹಾಗಾಗಿ ತಪ್ಪು. ಇಂಥ ವಿಚಿತ್ರ ಯಂತ್ರಗಳಿಗೆ ಹೊಸ ಕರ್ನಲ್ಲೇ ಮೇಲು.

ಇನ್ನು ಟಚ್‌ಸ್ಕ್ರೀನ್. ಅದನ್ನು ಸರಿಮಾಡುವಾಗಲೇ ನನಗೆ ಆ ಯಂತ್ರದ ಗುಟ್ಟು ತಿಳಿದದ್ದು. ಟಚ್ ಚಿಪ್ಪಿಗೂ ಒಂದು ಕಡತ ತುಂಬಬೇಕು, ಅದೂ ಆಯಾ ಮಾದರಿಗೆ ಬೇರೆ ಬೇರೆ. ತಪ್ಪು ಕಡತ ಹಾಕಿದರೆ ಬಲಕ್ಕೆ ಒತ್ತಿದ್ದು ಎಡಕ್ಕೆ ಹೋಗುತ್ತದೆ. ಹಾಗಾದರೆ ನನ್ನದು ಯಾವ ಮಾದರಿ? ಯಂತ್ರವನ್ನೇ ಕೇಳೋಣ ಎಂದು ಡಿಎಂಐ ಎಂಬ ಪಟ್ಟಿ ತೆಗೆದೆ. ತಯಾರಕರು ತಮ್ಮ ಹೆಸರು, ಯಂತ್ರದ ಹೆಸರು, ಕ್ರಮಸಂಖ್ಯೆ ಬರೆಯಬೇಕಾದ ಜಾಗ ಅದು. ತಯಾರಕರ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ 'ಟು ಬಿ ಫಿಲ್ಡ್ ಬೈ ಓಇಎಂ' ಎಂದಿತ್ತು. ಅಂದರೆ, 'ತಯಾರಕರು ತುಂಬತಕ್ಕದ್ದು'. ಯಂತ್ರದ ಹೆಸರಿನ ಮುಂದೆಯೂ 'ತಯಾರಕರು ತುಂಬತಕ್ಕದ್ದು'. ಕ್ರಮಸಂಖ್ಯೆಗೂ ಅದೇ. ಅರ್ಜಿ ನಮೂನೆಯನ್ನು ಭರ್ತಿ ಮಾಡದೆ ಹಾಗೇ ಕಳಿಸಿದ್ದರು. ಹತ್ತು ವರ್ಷ ನಮ್ಮ ಮನೆಯಲ್ಲಿದ್ದ ಯಂತ್ರಕ್ಕೆ ತನ್ನ ಹೆಸರೇ ಗೊತ್ತಿರಲಿಲ್ಲ.

ಇದು ನಮ್ಮ ಮನೆಯ ಯಂತ್ರದ್ದೊಂದೇ ಕತೆಯಲ್ಲ. ಕರ್ನಲ್ಲಿನ ಒಳಗೆ 'ಈ ಯಂತ್ರವಾದರೆ ಪರದೆ ತಿರುಗಿಸು, ಆ ಯಂತ್ರವಾದರೆ ಟಚ್ಚಿಗೆ ಇಂಥ ಕಡತ' ಎಂದು ಬರೆದಿಟ್ಟ ಉದ್ದನೆಯ ಪಟ್ಟಿಗಳಿವೆ. ಅಂಥ ಪಟ್ಟಿಗಳನ್ನು ತುಂಬಿದವರಲ್ಲಿ ನೆದರ್ಲೆಂಡ್ಸ್‌ನ ಹಾನ್ಸ್ ಡಿ ಗೂಡ ಎಂಬ ಡೆವಲಪರ್ ಮುಖ್ಯರು. ರೆಡ್ ಹ್ಯಾಟ್ ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದವರು. ಬೇ ಟ್ರೇಲ್ ಟ್ಯಾಬ್ಲೆಟ್ಟುಗಳ ಬೆನ್ನು ಬಿದ್ದು ಒಂದೊಂದನ್ನೂ ನಡೆಸಿದವರು. ಹೆಸರಿಲ್ಲದ ಯಂತ್ರಗಳನ್ನು ಆ ಪಟ್ಟಿ ಗುರುತಿಸುವುದು ಹೇಗೆ? ಅವುಗಳ ಫರ್ಮ್‌ವೇರ್ ತಯಾರಾದ ದಿನಾಂಕದಿಂದ. ಹೆಸರಿಡದ ಮಗುವನ್ನು ಜಾತಕ ನೋಡಿ ಇಂಥವರ ಮನೆಯದೆಂದು ಹೇಳಿದ ಹಾಗೆ. ಒಂದೇ ದಿನಾಂಕದ ಎರಡು ಮಾದರಿ ಸಿಕ್ಕಿದರೆ ಫಜೀತಿಯೇ.

ಇಲ್ಲೊಂದು ಎಚ್ಚರಿಕೆ. ನಾನು ತಡವಾಗಿ ಕಲಿತದ್ದು. ವಿಂಡೋಸ್ ಅಳಿಸುವ ಮುಂಚೆ ಅದರ ಡ್ರೈವರ್ ಫೋಲ್ಡರನ್ನು ಪೂರ್ತಿ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಟಚ್ ಚಿಪ್ಪಿಗೆ ಬೇಕಾದ ಕಡತ ಎಷ್ಟೋ ಸಲ ಅಲ್ಲಿಂದಲೇ ಹೊರಡಬೇಕು. ನಾನು ಮೊದಲ ದಿನವೇ ಉತ್ಸಾಹದಲ್ಲಿ ಎಲ್ಲ ಒರೆಸಿ ಹಾಕಿದ್ದೆ. ಹನ್ನೊಂದು ದಿನದಲ್ಲಿ ನಾಲ್ಕು ದಿನ ಹೋದದ್ದು ಆ ಒಂದು ಉತ್ಸಾಹಕ್ಕೆ.

ಎಲ್ಲ ಯಂತ್ರಗಳ ಗತಿಯೂ ಹೀಗಲ್ಲ. ಬೆಂಗಳೂರಿನಲ್ಲೇ, 2000ದ ದಶಕದ ಆರಂಭದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದ್ದರು. ಅದು ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಆ ಮಾತು ಬೇರೆ. ಆದರೆ ಅಲ್ಲಿ ಯಂತ್ರ ಕಟ್ಟಿದವರೇ ಲಿನಕ್ಸನ್ನೂ ಹೊಂದಿಸಿದ್ದರು. ಯಾವ ಕಾಲಿಗೆ ಯಾವ ಚಿಪ್ಪು ಎಂದು ಅವರಿಗೆ ಗೊತ್ತಿತ್ತು. ಅಟ್ಟದ ಯಂತ್ರದಲ್ಲಿ ಆ ಗೊತ್ತಿದ್ದವರು ಎಂದೋ ಬೇರೆ ಕೆಲಸಕ್ಕೆ ಹೋಗಿಬಿಟ್ಟಿರುತ್ತಾರೆ.

ಬೇ ಟ್ರೇಲ್ ಚಿಪ್ಪಿನ ಇನ್ನೊಂದು ಹಳೇ ಕಾಯಿಲೆಯನ್ನೂ ಹೇಳಿಬಿಡುತ್ತೇನೆ. ಲಿನಕ್ಸ್ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಎಲ್ಲ ಸ್ತಬ್ಧ, ದಿನಚರಿಯಲ್ಲೂ ಕೊನೆಯ ಮಾತಿಲ್ಲ. ಕರ್ನಲ್‌ನ ದೋಷಪಟ್ಟಿಯಲ್ಲಿ 109051 ಎಂಬ ಸಂಖ್ಯೆಯಲ್ಲಿ ಅದು 2015ರಿಂದ ವರ್ಷಗಟ್ಟಲೆ ಚರ್ಚೆಯಾಯಿತು. ಪ್ರೊಸೆಸರ್ ಆಳವಾದ ನಿದ್ದೆಗೆ ಇಳಿಯದಂತೆ ತಡೆದರೆ ಸ್ತಬ್ಧವಾಗುವುದು ನಿಲ್ಲುತ್ತಿತ್ತು. ಆದರೆ ನಿದ್ದೆಯಿಲ್ಲದ ಪ್ರೊಸೆಸರ್ ಬ್ಯಾಟರಿ ತಿನ್ನುತ್ತದೆ. ಆ ತಡೆಯನ್ನು ಇವತ್ತಿಗೂ ಕಣ್ಣುಮುಚ್ಚಿ ಹಾಕಿಕೊಳ್ಳುವವರಿದ್ದಾರೆ. ಮೊದಲು ಹೊಸ ಕರ್ನಲ್ಲಿನಲ್ಲಿ ಒಂದು ವಾರ ಓಡಿಸಿ ನೋಡಿ, ಬೇಕಾದರೆ ಮಾತ್ರ ಹಾಕಿ. ಹಾಕಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನೊಮ್ಮೆ ಧ್ವನಿ ಬರಲೆಂದು ಒಟ್ಟಿಗೆ ಮೂರು ಬದಲಾವಣೆ ಮಾಡಿದೆ, ಧ್ವನಿ ಬಂತು. ಮೂರರಲ್ಲಿ ಯಾವುದರಿಂದ ಬಂತೆಂದು ಇಂದಿಗೂ ತಿಳಿಯದೆ ಮೂರನ್ನೂ ಹಾಗೇ ಬಿಟ್ಟಿದ್ದೇನೆ.

ಹನ್ನೊಂದನೇ ದಿನ ಅತ್ತಿಗೆಯ ಕೈಗೆ ಕೊಟ್ಟೆ. ಪರದೆ ನೆಟ್ಟಗಿತ್ತು, ವೈಫೈ ಬರುತ್ತಿತ್ತು, ಬೆರಳಿಟ್ಟಲ್ಲೇ ಒತ್ತುತ್ತಿತ್ತು. ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳನ್ನೂ ಹಾಕಿಕೊಟ್ಟಿದ್ದೆ. ಅವರು ನವಿಲು ಆರಿಸಿಕೊಂಡು ಕಿರಾಣಿ ಪಟ್ಟಿ ಬರೆದು ನೋಡಿದರು.

"ಇದರಲ್ಲಿ ವಿಡಿಯೋ ಕಾಲ್ ಬರುತ್ತಾ?"

ಈ ಪೀಳಿಗೆಯ ಕ್ಯಾಮೆರಾ ಡ್ರೈವರ್ 2017ರಲ್ಲಿ ಕರ್ನಲ್ಲಿಗೆ ಬಂದು, ಮಾರನೇ ವರ್ಷ ಹೊರಬಿದ್ದು, 2020ರಲ್ಲಿ ಮತ್ತೆ ಒಳಬಂದ ಕತೆಯನ್ನೆಲ್ಲ ನಾನು ಹೇಳಹೊರಟೆ. ಅವರು ಕೈ ಅಡ್ಡ ಹಿಡಿದರು. "ಬರುತ್ತೋ ಇಲ್ವೋ, ಅಷ್ಟು ಹೇಳು."

"ಇಲ್ಲ ಅತ್ತಿಗೆ. ಕ್ಯಾಮೆರಾ ಕೆಲಸ ಮಾಡಲ್ಲ."

"ಒಳ್ಳೇದೇ ಆಯ್ತು ಬಿಡು" ಅಂದವರೇ ಅದನ್ನು ಅಡಿಗೆಮನೆಗೆ ಒಯ್ದು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದರು.