ಪೆಟ್ಟಿಗೆಯಲ್ಲಿ 11 ಉಳಿಗಳು



ಬಡಗಿ ಕೆಲಸ ಕಲಿಯುತ್ತಿರುವ ನಿಮಗೆ ನನ್ನದೇ ಒಂದು ಚಟದ ವಿಷಯ ಹೇಳಬೇಕು. ನನ್ನ ಪೆಟ್ಟಿಗೆಯಲ್ಲಿ 11 ಉಳಿಗಳಿವೆ. ನನ್ನ ಕೆಲಸಕ್ಕೆ 6, 12, 25 ಮಿಲಿಮೀಟರಿನ ಮೂರೇ ಸಾಕು. ಮಿಕ್ಕವು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಎಣ್ಣೆ ಹಚ್ಚಿ ಒರೆಸುವುದೇ ಇನ್ನೊಂದು ಕೆಲಸ.

ಕೂಡಿಕೆ ಬಿಗಿಯಾಗಿ ಕೂರದಿದ್ದಾಗಲೆಲ್ಲ ನಾನು ಹೊಸ ಉಳಿ ಕೊಂಡೆ. ದೋಷ ಉಳಿಯದಲ್ಲ, ಸಾಣೆಯದು. ಬೆನ್ನನ್ನು ಸಪಾಟಾಗಿ ಉಜ್ಜಿ, ಬಾಯಿಯನ್ನು 25ರಿಂದ 30 ಡಿಗ್ರಿಗೆ ಹರಿತ ಮಾಡಲು ತಾಳ್ಮೆ ಬೇಕು. ಅಂಗಡಿಗೆ ಹೋಗಲು ಹಣವಿದ್ದರಾಯಿತು!

ಒಮ್ಮೆ ನಿಮ್ಮಂತಹ ಹುಡುಗನೊಬ್ಬ ಎರಡು ದಿನಕ್ಕೆಂದು ಒಂದು ಉಳಿ ಕೇಳಿದ. ಸೆಟ್ಟಿನಲ್ಲಿ ಒಂದು ಕಡಿಮೆಯಾಗುತ್ತದೆಂದು ಕೊಡಲಿಲ್ಲ. ಪರೀಕ್ಷೆಗೆ ಅವನು ಯಾರದೋ ಮೊಂಡು ಉಳಿ ಒಯ್ದನಂತೆ.

ಇಂದು ಎಂಟನ್ನು ತಂದಿದ್ದೇನೆ. ಸಭೆ ಮುಗಿದ ಮೇಲೆ ಬಂದು ತೆಗೆದುಕೊಳ್ಳಿ. ಸಾಣೆ ಮಾತ್ರ ನೀವೇ ಹಿಡಿಯಬೇಕು.